ಟ್ರೋಮ್ಸೊದಿಂದ ಲಾಂಗ್‌ಯರ್‌ಬ್ಯೆನ್‌ಗೆ: 961 ಕಿಲೋಮೀಟರಿನ ಲೆಕ್ಕ

ಉತ್ತರ ನಾರ್ವೆಯ ಟ್ರೋಮ್ಸೊ ವಿಮಾನ ನಿಲ್ದಾಣದಿಂದ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಯರ್‌ಬ್ಯೆನ್ ನಿಲ್ದಾಣಕ್ಕೆ ಎಷ್ಟು ದೂರ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದು ಕಡೆ 957 ಅಥವಾ 958 ಕಿ.ಮೀ. ಅಂತ ಸಿಗುತ್ತದೆ, ಇನ್ನೊಂದು ಕಡೆ 961. ಯಾವುದೂ ಸುಳ್ಳಲ್ಲ. ಮೊದಲನೆಯದು ಭೂಮಿಯನ್ನು ಚೆಂಡಿನಂತೆ ಪೂರ್ತಿ ಗುಂಡಗೆ, 6,371 ಕಿ.ಮೀ. ತ್ರಿಜ್ಯದ್ದು ಅಂತ ಹಿಡಿದು ಮಾಡಿದ ಲೆಕ್ಕ. ಎರಡನೆಯದು ಭೂಮಿ ಧ್ರುವಗಳ ಹತ್ತಿರ ಚಪ್ಪಟೆಯಾಗಿದೆ ಎನ್ನುವುದನ್ನು ಸೇರಿಸಿಕೊಂಡ ಲೆಕ್ಕ. ಜಿಪಿಎಸ್ ಬಳಸುವುದು ಈ ಎರಡನೆಯದನ್ನೇ.

ಚಪ್ಪಟೆ ಅಂದಮೇಲೆ ದೂರ ಕಡಿಮೆ ಆಗಬೇಕಲ್ಲ, ಹೆಚ್ಚಾಗಿದ್ದು ಹೇಗೆ ಅಂತ ಅನ್ನಿಸಬಹುದು. ಚಪ್ಪಟೆಯಾದ ಕಡೆ ನೆಲದ ಬಾಗು ಕಡಿಮೆ. ಬಾಗು ಕಡಿಮೆ ಇದ್ದಲ್ಲಿ ಒಂದು ಡಿಗ್ರಿ ಅಕ್ಷಾಂಶ ದಾಟಲು ಹೆಚ್ಚು ನಡೆಯಬೇಕು. ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ಉತ್ತರಕ್ಕೆ ಹೋದರೆ ಸುಮಾರು 110.6 ಕಿ.ಮೀ. ಆಗುತ್ತದೆ, ಟ್ರೋಮ್ಸೊ ಮತ್ತು ಸ್ವಾಲ್‌ಬಾರ್ಡ್ ನಡುವೆ ಅದೇ ಒಂದು ಡಿಗ್ರಿ 111.6 ಕಿ.ಮೀ. ಡಿಗ್ರಿಗೆ ಒಂದು ಕಿಲೋಮೀಟರ್ ವ್ಯತ್ಯಾಸ. ಗುಂಡು ಭೂಮಿಯ ಲೆಕ್ಕದಲ್ಲಿ ಎಲ್ಲೆಡೆಯೂ 111.2. ಎಂಟೂವರೆ ಡಿಗ್ರಿ ಹಾರುವ ದಾರಿಯಲ್ಲಿ ಮೂರೂವರೆ ಕಿಲೋಮೀಟರ್ ಆಚೀಚೆ ಆಗುವುದು ಇದರಿಂದಲೇ.

ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಟ್ರೋಮ್ಸೊ ನಿಲ್ದಾಣ ಇರುವುದು 69 ಡಿಗ್ರಿ 41 ನಿಮಿಷ ಉತ್ತರ, 18 ಡಿಗ್ರಿ 55 ನಿಮಿಷ ಪೂರ್ವದಲ್ಲಿ. ಲಾಂಗ್‌ಯರ್‌ಬ್ಯೆನ್ ನಿಲ್ದಾಣ 78 ಡಿಗ್ರಿ 15 ನಿಮಿಷ ಉತ್ತರ, 15 ಡಿಗ್ರಿ 28 ನಿಮಿಷ ಪೂರ್ವದಲ್ಲಿ. ಉತ್ತರಕ್ಕೆ ಎಂಟೂವರೆ ಡಿಗ್ರಿಗೆ ತುಸು ಹೆಚ್ಚು, ಪಶ್ಚಿಮಕ್ಕೆ ಮೂರೂವರೆ ಡಿಗ್ರಿಗೆ ತುಸು ಕಡಿಮೆ. ನಮ್ಮ ಕಡೆಯ ನಕ್ಷೆ ನೋಡಿ ರೂಢಿಯಾದವರು ಎಡವುವುದು ಈ ಪಶ್ಚಿಮದ ಭಾಗದಲ್ಲಿ. ರೇಖಾಂಶದ ಮೂರೂವರೆ ಡಿಗ್ರಿ ಅಂದರೆ ಬೆಂಗಳೂರಿನಲ್ಲಿ 375 ಕಿ.ಮೀ. ಹತ್ತಿರ. ಟ್ರೋಮ್ಸೊದಲ್ಲಿ ಅದು 134ಕ್ಕೆ ಇಳಿದಿರುತ್ತದೆ, ಲಾಂಗ್‌ಯರ್‌ಬ್ಯೆನ್‌ನಲ್ಲಿ 79ಕ್ಕೆ. ಕಿತ್ತಳೆ ತೊಳೆಗಳು ತೊಟ್ಟಿನ ಹತ್ತಿರ ಕಿರಿದಾಗುವ ಹಾಗೆ. ಅದಕ್ಕೇ ಈ ಭಾಗದಲ್ಲಿ ಚಪ್ಪಟೆ ನಕ್ಷೆಯ ಮೇಲೆ ಸ್ಕೇಲಿಟ್ಟು ದೂರ ಅಳೆಯಲೇಬಾರದು. ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ, ದಾರ ಎಲ್ಲಿ ಕೂರುತ್ತದೋ ಅದೇ ನಿಜವಾದ ಹತ್ತಿರದ ದಾರಿ. 78 ಡಿಗ್ರಿ ಉತ್ತರದಲ್ಲೇ, ಧ್ರುವದ ಆಚೆ ಬದಿ ಮತ್ತು ಈಚೆ ಬದಿ ಎರಡು ಜಾಗ ಇದ್ದವು ಅಂತ ಇಟ್ಟುಕೊಳ್ಳಿ. ಅಕ್ಷಾಂಶದ ಗೆರೆ ಹಿಡಿದು ಸುತ್ತಿ ಹೋದರೆ 4,160 ಕಿ.ಮೀ., ಧ್ರುವದ ಮೇಲೆ ನೆಟ್ಟಗೆ ಹಾರಿದರೆ 2,670.

ನಮ್ಮ ದಾರಿ ಹೆಚ್ಚುಕಡಿಮೆ ನೇರ ಉತ್ತರಕ್ಕೇ ಇರುವುದರಿಂದ ಅಷ್ಟು ದೊಡ್ಡ ಆಟ ಇಲ್ಲಿಲ್ಲ. ನೇರ ಉತ್ತರವನ್ನು 360 ಡಿಗ್ರಿ ಅಂತ ಹಿಡಿದರೆ ಹೊರಡುವಾಗ ವಿಮಾನದ ದಿಕ್ಕು 355 ಡಿಗ್ರಿ, ತಲುಪುವಾಗ 352. ಪೈಲಟ್ ಹ್ಯಾಂಡಲ್ ತಿರುಗಿಸದಿದ್ದರೂ ದಿಕ್ಕಿನ ಅಂಕಿ ಮೂರು ಡಿಗ್ರಿ ಬದಲಾಗಿರುತ್ತದೆ, ಉತ್ತರಕ್ಕೆ ಹೋಗುವ ರೇಖಾಂಶದ ಗೆರೆಗಳೇ ಒಂದಕ್ಕೊಂದು ಹತ್ತಿರ ಬರುತ್ತಾ ಓರೆಯಾಗುವುದರಿಂದ.

ಇನ್ನು ಸಮಯ. ಟಿಕೆಟ್ಟಿನಲ್ಲಿ ಕಾಣುವುದು ಸಾಮಾನ್ಯವಾಗಿ ಒಂದು ಗಂಟೆ 35ರಿಂದ 45 ನಿಮಿಷ. 961 ಕಿ.ಮೀ.ಯನ್ನು ಜೆಟ್ ವಿಮಾನದ ವೇಗ 828ರಿಂದ ಭಾಗಿಸಿದರೆ ಬರುವುದು 70 ನಿಮಿಷ ಮಾತ್ರ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು ಅನ್ನುವುದನ್ನು ಬಿಡಿಸಿ ನೋಡಬೇಕು.

ಈ ದಾರಿಯಲ್ಲಿ ಹಾರುವ ಬೋಯಿಂಗ್ 737-800 ಜೆಟ್ ಅನ್ನೇ ತೆಗೆದುಕೊಳ್ಳೋಣ. 37,000 ಅಡಿಗೆ ಏರಲು ಸುಮಾರು 20 ನಿಮಿಷ ಬೇಕು, ಅಷ್ಟರಲ್ಲಿ 200 ಕಿ.ಮೀ. ದಾಟಿರುತ್ತದೆ. ಇಳಿಯಲು ಬೇಕಾದ ದೂರಕ್ಕೆ ಪೈಲಟ್‌ಗಳ ಕೈಲೆಕ್ಕವೊಂದಿದೆ: ಎತ್ತರವನ್ನು ಸಾವಿರ ಅಡಿಗಳಲ್ಲಿ ಹೇಳಿ ಮೂರರಿಂದ ಗುಣಿಸಿದರೆ ಅಷ್ಟು ನಾಟಿಕಲ್ ಮೈಲಿ (ಒಂದಕ್ಕೆ 1.85 ಕಿ.ಮೀ.), ಅದರ ಮೇಲೆ ವೇಗ ತಗ್ಗಿಸಲು ಹತ್ತು. 37ನ್ನು ಮೂರರಿಂದ ಗುಣಿಸಿದರೆ 111, ಹತ್ತು ಸೇರಿದರೆ 121. ಅಂದರೆ 224 ಕಿ.ಮೀ. ಇದಕ್ಕೆ 23 ನಿಮಿಷ. ನಡುವೆ ಸಮತಟ್ಟಾಗಿ ಹಾರುವುದಕ್ಕೆ ಉಳಿಯುವುದು ಸುಮಾರು 540 ಕಿ.ಮೀ., ಅದಕ್ಕೆ 39 ನಿಮಿಷ. ಒಟ್ಟು 82 ನಿಮಿಷ. ಪೂರ್ತಿ ವೇಗದಲ್ಲಿ ಹಾರುವುದು ಪ್ರಯಾಣದ ಅರ್ಧದಷ್ಟು ಹೊತ್ತೂ ಅಲ್ಲ ಎನ್ನುವುದನ್ನು ಗಮನಿಸಿ. ಸಣ್ಣ ದೂರದ ಹಾರಾಟಗಳೆಲ್ಲ ಹೀಗೆಯೇ; ಭಾಗಾಕಾರ ಕೈಕೊಡುವುದು ಇದಕ್ಕೇ.

ಆ 82 ನಿಮಿಷವೂ ಗಾಳಿಯಿಲ್ಲದ, ತಿರುವಿಲ್ಲದ ದಿನದ್ದು. ಟ್ರೋಮ್ಸೊದ ರನ್‌ವೇ ಉತ್ತರ ದಕ್ಷಿಣವಾಗಿದೆ. ಉತ್ತರಕ್ಕೆ ಮುಖಮಾಡಿ ಏರಿದರೆ ಮೂಗಿನ ನೇರಕ್ಕೇ ದಾರಿ. ದಕ್ಷಿಣದ ಗಾಳಿ ಬೀಸುತ್ತಿದ್ದರೆ ದಕ್ಷಿಣಕ್ಕೆ ಏರಿ, ಸುತ್ತಲ ಬೆಟ್ಟಗಳ ಮೇಲೆ ಎತ್ತರ ಪಡೆದು ಹಿಂದೆ ತಿರುಗಬೇಕು. ಅಲ್ಲೇ ಮೂರು ನಾಲ್ಕು ನಿಮಿಷ. ಲಾಂಗ್‌ಯರ್‌ಬ್ಯೆನ್‌ನ ರನ್‌ವೇ ಪೂರ್ವ ಪಶ್ಚಿಮ, ವಿಮಾನ ಬರುವುದು ದಕ್ಷಿಣದಿಂದ. ಹಾಗಾಗಿ ಯಾವ ಕಡೆಯಿಂದ ಇಳಿದರೂ ಒಂದು ದೊಡ್ಡ ತಿರುವು ಇದ್ದೇ ಇದೆ. ಚಳಿಗಾಲದಲ್ಲಿ ಆಡ್ವೆಂಟ್‌ಡಾಲನ್ ಕಣಿವೆಯ ತಣ್ಣನೆಯ ಗಾಳಿ ಆಗ್ನೇಯದಿಂದ ಸಮುದ್ರದ ಕಡೆ ಹರಿಯುತ್ತಿರುತ್ತದೆ. ಆಗ ಇಸ್‌ಫ್ಯೋರ್ಡನ್ ಎಂಬ ಅಗಲವಾದ ಕಡಲ ಚಾಚಿನ ಮೇಲಿಂದ, ಪಶ್ಚಿಮದಿಂದ ಬಂದು ಗಾಳಿಗೆದುರಾಗಿ ಇಳಿಯುತ್ತಾರೆ. ಗಾಳಿ ತಿರುಗಿದರೆ ಕಣಿವೆಯ ಒಳಗಡೆಯಿಂದ ಬರಬೇಕು, ಅದು ಬೆಟ್ಟಗಳ ನಡುವಿನ ದಾರಿ. ಇವೆಲ್ಲ ಸೇರಿ ನಿಜವಾಗಿ ಹಾರುವ ದೂರ 961 ಆಗಿರುವುದಿಲ್ಲ, 980 ದಾಟಿರುತ್ತದೆ.

ಮೇಲಿನ ಗಾಳಿಯ ಲೆಕ್ಕ ಬೇರೆ. ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ ಆ 540 ಕಿ.ಮೀ. ದಾಟಲು 39ರ ಬದಲು ನಲವತ್ತನಾಲ್ಕೂವರೆ ನಿಮಿಷ ಬೇಕು. ವಾಪಸು ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳಿದರೆ 35 ನಿಮಿಷ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗುವುದಿಲ್ಲ, ಯಾಕೆಂದರೆ ಎದುರುಗಾಳಿಯಲ್ಲಿ ಇರುವ ಹೊತ್ತೇ ಹೆಚ್ಚು. ಅಡ್ಡಗಾಳಿಯೂ ಪುಕ್ಕಟೆ ಅಲ್ಲ. ಪಶ್ಚಿಮದಿಂದ ಗಂಟೆಗೆ 150 ಕಿ.ಮೀ. ಬೀಸಿದರೆ ದಾರಿ ತಪ್ಪದಿರಲು ವಿಮಾನ ಹತ್ತು ಡಿಗ್ರಿ ಗಾಳಿಯ ಕಡೆ ಮೂತಿ ತಿರುಗಿಸಿಕೊಂಡೇ ಹಾರಬೇಕು, ಮುಂದಕ್ಕೆ ಹೋಗುವ ವೇಗದಲ್ಲಿ 14 ಕಿ.ಮೀ. ಕರಗುತ್ತದೆ. ಚಳಿಗೂ ಪಾಲಿದೆ. ಜೆಟ್ ವಿಮಾನ ಹಾರುವುದು ಶಬ್ದದ ವೇಗದ ಇಂತಿಷ್ಟು ಭಾಗ ಎಂಬ ಲೆಕ್ಕದಲ್ಲಿ, 737ಕ್ಕೆ ಅದು 0.78ರ ಆಸುಪಾಸು. ಗಾಳಿ ತಣ್ಣಗಾದಷ್ಟೂ ಶಬ್ದ ನಿಧಾನ. ಮೇಲೆ ಮೈನಸ್ 56 ಡಿಗ್ರಿ ಇದ್ದಾಗ ವಿಮಾನದ ವೇಗ ಗಂಟೆಗೆ 828 ಕಿ.ಮೀ.; ಮೈನಸ್ 65ಕ್ಕೆ ಇಳಿದರೆ 812. ಎಂಜಿನ್ ಎಷ್ಟು ಚೆನ್ನಾಗಿದ್ದರೂ ಆ 16 ಕಿ.ಮೀ. ಹೋಯಿತು.

ದೂರ ಹೇಳುವ ವೆಬ್‌ಸೈಟುಗಳಲ್ಲಿ ಹಲವು ಇದ್ಯಾವುದನ್ನೂ ನೋಡುವುದಿಲ್ಲ. ದೂರವನ್ನು ಗಂಟೆಗೆ 500 ಮೈಲಿಯಿಂದ ಭಾಗಿಸಿ, ಏರಿಳಿತಕ್ಕೆ ಅಂತ ಅರ್ಧ ಗಂಟೆ ಸೇರಿಸಿಬಿಡುತ್ತವೆ. 961 ಕಿ.ಮೀ. ಅಂದರೆ 597 ಮೈಲಿ, 72 ನಿಮಿಷ, ಅದರ ಮೇಲೆ 30. ಒಂದು ಗಂಟೆ 42 ನಿಮಿಷ. ಟಿಕೆಟ್ಟಿನ ಸಮಯಕ್ಕೆ ಸರಿಯಾಗಿ ಕೂತಿತು. ಆದರೆ ಸೂತ್ರ ಸರಿ ಇರುವುದರಿಂದ ಕೂತದ್ದಲ್ಲ, ಈ ದೂರಕ್ಕೆ ಹೊಂದಿಕೊಂಡಿತು ಅಷ್ಟೆ. ಬೆಂಗಳೂರು–ಮುಂಬೈ ಇದಕ್ಕಿಂತ ಕಡಿಮೆ, ಸುಮಾರು 834 ಕಿ.ಮೀ. ಸೂತ್ರದ ಪ್ರಕಾರ ಒಂದೂವರೆ ಗಂಟೆ ಸಾಕು, ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೂಮುಕ್ಕಾಲು ಅಥವಾ ಇನ್ನೂ ಹೆಚ್ಚು ಇರುತ್ತದೆ. ಅಲ್ಲಿ ರನ್‌ವೇಗೆ ಸಾಲು, ಮೇಲೆ ಸುತ್ತು. ಆರ್ಕ್ಟಿಕ್‌ನಲ್ಲಿ ಸಾಲೇ ಇಲ್ಲ. ಲಾಂಗ್‌ಯರ್‌ಬ್ಯೆನ್‌ನಲ್ಲಿ ಇಳಿಯಲು ಅನುಮತಿ ಕೊಡುವ ಕಂಟ್ರೋಲ್ ಟವರ್ ಸೇವೆಯೂ ಇಲ್ಲ, ರನ್‌ವೇ ಖಾಲಿ ಇದೆಯೇ, ಗಾಳಿ ಎಷ್ಟು, ಹಿಮ ಎಷ್ಟು ಅಂತ ರೇಡಿಯೋದಲ್ಲಿ ಮಾಹಿತಿ ಕೊಡುವವರು ಇರುತ್ತಾರೆ. ತೀರ್ಮಾನ ಪೈಲಟ್‌ದು.

ಈ ದಾರಿಯ ನಿಜವಾದ ಕಷ್ಟ ಸಮಯದ್ದಲ್ಲ, ನಡುವೆ ಏನೂ ಇಲ್ಲ ಎನ್ನುವುದು. ಟ್ರೋಮ್ಸೊ ಬಿಟ್ಟ ಮೇಲೆ ಕೆಳಗೆ ಸಮುದ್ರ. ಸುಮಾರು 535 ಕಿ.ಮೀ. ಹೋದಮೇಲೆ ಬ್ಯೋರ್ನೋಯಾ, ಅಂದರೆ ಕರಡಿ ದ್ವೀಪ. ಅಲ್ಲೊಂದು ಹವಾಮಾನ ಕೇಂದ್ರ ಇದೆ, ವಿಮಾನ ಇಳಿಯಲು ಪಟ್ಟಿ ಇಲ್ಲ. ಸ್ವಾಲ್‌ಬಾರ್ಡ್ ತಲುಪಿದ ಮೇಲೆ ಲಾಂಗ್‌ಯರ್‌ಬ್ಯೆನ್ ಮಂಜಿನಲ್ಲಿ ಮುಚ್ಚಿಕೊಂಡಿದ್ದರೆ 737 ಇಳಿಯುವಂಥ ಬೇರೆ ನಿಲ್ದಾಣ ಆ ದ್ವೀಪಗಳಲ್ಲೇ ಇಲ್ಲ. ಬಂದ ದಾರಿಯಲ್ಲೇ ಟ್ರೋಮ್ಸೊಗೆ ಅಥವಾ ಅದರ ದಕ್ಷಿಣದ ಬಾರ್ದುಫಾಸ್, ಎವೆನೆಸ್‌ಗೆ ವಾಪಸು. ಮುಂಬೈ ಮುಚ್ಚಿದರೆ ಅಹಮದಾಬಾದ್ ಇದೆ, ಗೋವಾ ಇದೆ, ಎರಡೂ 450 ಕಿ.ಮೀ. ಒಳಗೆ. ಇಲ್ಲಿ ಬದಲಿ ನಿಲ್ದಾಣವೇ 960 ಕಿ.ಮೀ. ಆಚೆ.

ಹಾಗಾಗಿ ಟ್ಯಾಂಕಿನಲ್ಲಿ ಎರಡು ಪ್ರಯಾಣದ ಇಂಧನ ಬೇಕು. 737-800 ಗಂಟೆಗೆ ಸುಮಾರು ಎರಡೂವರೆ ಟನ್ ಉರಿಸುತ್ತದೆ, ಏರುವಾಗ ಇನ್ನೂ ಹೆಚ್ಚು. ಹೋಗಲು ನಾಲ್ಕು ಟನ್ ಹತ್ತಿರ, ಇಳಿಯಲಾಗದೆ ಮರಳಲು ಮತ್ತೆ ನಾಲ್ಕು, ಕೊನೆಯ ಆಪದ್ಧನವಾಗಿ ಅರ್ಧ ಗಂಟೆ ಸುತ್ತುವಷ್ಟು ಅಂದರೆ ಒಂದು ಟನ್ನಿನ ಮೇಲೆ, ಅಂದಾಜು ತಪ್ಪಿದರೆ ಅಂತ ಪ್ರಯಾಣದ ಇಂಧನದ ಶೇ. 5. ಎಲ್ಲ ಸೇರಿ ಒಂಬತ್ತೂವರೆ ಟನ್ನಿನ ಆಸುಪಾಸು. ಹವೆ ಚೆನ್ನಾಗಿದ್ದು ಮೊದಲ ಸಲಕ್ಕೇ ಇಳಿದರೂ ಐದು ಟನ್ ಇಂಧನ ಹೊತ್ತುಕೊಂಡೇ ಇಳಿಯಬೇಕು. ಭಾರ ಹೆಚ್ಚಿದ್ದರೆ ಇಳಿಯುವ ವೇಗ ಹೆಚ್ಚು, ನಿಲ್ಲಲು ಬೇಕಾದ ದೂರವೂ ಹೆಚ್ಚು. ಅದೂ ಹಿಮ ಬಿದ್ದ ರನ್‌ವೇ ಮೇಲೆ.

ಆ ರನ್‌ವೇ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ನಿಲ್ದಾಣ ಉದ್ಘಾಟನೆ ಆದದ್ದು 1975ರ ಸೆಪ್ಟೆಂಬರ್ 2ರಂದು. ಅದಕ್ಕೂ ಮುಂಚೆ ಚಳಿಗಾಲದಲ್ಲಿ ಕಣಿವೆಯ ನೆಲ ಹೆಪ್ಪುಗಟ್ಟಿದಾಗ ಮಾತ್ರ ವಿಮಾನ ಇಳಿಸಬಹುದಿತ್ತು. ಈಗಿನ ರನ್‌ವೇ ಉದ್ದ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ, ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ನೀರು. ಅದರ ತಳದಲ್ಲಿರುವುದು ವರ್ಷವಿಡೀ ಹೆಪ್ಪುಗಟ್ಟಿರುವ ನೆಲ. ಬೇಸಿಗೆಯಲ್ಲಿ ಮೇಲಿನ ಒಂದು ಮೀಟರಿನಷ್ಟು ಕರಗುತ್ತದೆ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದಲ್ಲ, ಆಗ ನೆಲ ಉಬ್ಬುತ್ತದೆ, ಕರಗಿದಾಗ ಕುಸಿಯುತ್ತದೆ. ಮಣ್ಣಿನಲ್ಲಿ ನೀರಿನ ಅಂಶ ಎಲ್ಲ ಕಡೆ ಒಂದೇ ಇಲ್ಲದಿರುವುದರಿಂದ ಉಬ್ಬು ತಗ್ಗೂ ಒಂದೇ ಸಮ ಆಗುವುದಿಲ್ಲ, ರನ್‌ವೇ ಅಲೆಅಲೆಯಾಗುತ್ತದೆ. ಮೇಲಿನ ಡಾಂಬರು ಕಪ್ಪು. ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 22ರವರೆಗೆ ಮುಳುಗದ ಸೂರ್ಯನ ಬಿಸಿಯನ್ನೆಲ್ಲ ಹೀರಿ ಕೆಳಕ್ಕೆ ಕಳಿಸುತ್ತದೆ. ಹಾಗಾಗಿ ಈ ರನ್‌ವೇಯನ್ನು ಮತ್ತೆ ಮತ್ತೆ ಸಮ ಮಾಡುತ್ತಲೇ ಇರಬೇಕು. ಇದೇ ಹೆಪ್ಪು ನೆಲವನ್ನು ನಂಬಿಕೊಂಡು, ನಿಲ್ದಾಣದ ಮೇಲಿನ ಬೆಟ್ಟದ ಒಡಲಲ್ಲಿ 2008ರಲ್ಲಿ ಜಾಗತಿಕ ಬೀಜ ಭಂಡಾರ ತೆರೆದರು. ಒಬ್ಬರಿಗೆ ತಲೆನೋವಾದ ನೆಲ ಇನ್ನೊಬ್ಬರಿಗೆ ಫ್ರಿಡ್ಜ್.

ಹಿಮದ ಮೇಲೆ ಚಕ್ರಕ್ಕೆ ಹಿಡಿತ ಸಿಗಬೇಕಲ್ಲ, ಅಡುಗೆ ಉಪ್ಪಿನಂಥದ್ದನ್ನು ಎರಚುವಂತಿಲ್ಲ, ಅದು ವಿಮಾನದ ಲೋಹವನ್ನು ತಿನ್ನುತ್ತದೆ. ನಾರ್ವೆಯ ನಿಲ್ದಾಣಗಳಲ್ಲಿ ಬಿಸಿನೀರು ಬೆರೆಸಿದ ಮರಳು ಹರಡುತ್ತಾರೆ. ಬಿಸಿ ಮರಳು ಮಂಜಿನ ಮೇಲ್ಪದರವನ್ನು ತುಸು ಕರಗಿಸಿ ಒಳಗೆ ಕೂತು, ಮರುಕ್ಷಣ ಅಲ್ಲೇ ಹೆಪ್ಪುಗಟ್ಟಿ ಉಪ್ಪುಕಾಗದದಂತೆ ಒರಟಾಗುತ್ತದೆ. ಒಣ ಮರಳಾದರೆ ಮೊದಲ ವಿಮಾನದ ಎಂಜಿನ್ ಗಾಳಿಗೇ ಹಾರಿಹೋಗುತ್ತದೆ.

ಎತ್ತರ ತೋರಿಸುವ ಮೀಟರೂ ಚಳಿಯಲ್ಲಿ ಮೋಸ ಮಾಡುತ್ತದೆ. ಅದು ಅಳೆಯುವುದು ಗಾಳಿಯ ಒತ್ತಡವನ್ನು. ತಣ್ಣನೆಯ ಗಾಳಿ ಅಡಕವಾಗಿ ಕೂತಿರುತ್ತದೆ, ಮೇಲೇರಿದಂತೆ ಒತ್ತಡ ಬೇಗ ಇಳಿಯುತ್ತದೆ, ಮೀಟರು ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ. ನೆಲದಲ್ಲಿ ಮೈನಸ್ 25 ಇದ್ದಾಗ ಮೀಟರಿನಲ್ಲಿ 2,000 ಅಡಿ ಕಂಡರೆ ವಿಮಾನ ಅದಕ್ಕಿಂತ 300 ಅಡಿಗೂ ಹೆಚ್ಚು ಕೆಳಗಿರುತ್ತದೆ. ಸುತ್ತ ಬೆಟ್ಟ ಇರುವ ಕಡೆ ಇದು ಸಣ್ಣ ಮಾತಲ್ಲ. ಅದಕ್ಕೇ ಪೈಲಟ್‌ಗಳು ಪಟ್ಟಿ ನೋಡಿ ಪ್ರತಿ ಹಂತದ ಎತ್ತರಕ್ಕೂ ಇಂತಿಷ್ಟು ಸೇರಿಸಿಕೊಳ್ಳುತ್ತಾರೆ. ದಾರಿ ತುಸು ಓರೆಯಾದರೆ ಈ ಬೆಟ್ಟಗಳು ಏನು ಮಾಡುತ್ತವೆ ಎನ್ನುವುದಕ್ಕೆ 1996ರ ಆಗಸ್ಟ್ 29ರ ದುರಂತವಿದೆ. ಮಾಸ್ಕೋದಿಂದ ಬಂದ ಟುಪೊಲೆವ್ 154 ವಿಮಾನ ಇಳಿಯುವ ದಾರಿಯಿಂದ ಪಕ್ಕಕ್ಕೆ ಸರಿದು, ನಿಲ್ದಾಣಕ್ಕೆ ಇನ್ನು 14 ಕಿ.ಮೀ. ಇರುವಾಗ ಒಪೇರಾಫ್ಯೆಲ್ಲೆ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 141 ಜನರೂ ಸತ್ತರು.

ಟಿಕೆಟ್ಟಿನ ಸಮಯ ಅನ್ನುವುದು ಗೇಟು ಬಿಟ್ಟಲ್ಲಿಂದ ಗೇಟು ಸೇರುವವರೆಗಿನದು, ಹಾರಾಟದ್ದಲ್ಲ. ರೆಕ್ಕೆ ಮೇಲೆ ಹಿಮವಿದ್ದರೆ ಬಿಸಿ ಗ್ಲೈಕಾಲ್ ದ್ರವ ಸುರಿದು ತೊಳೆಯಬೇಕು, ಮೇಲೆ ಮತ್ತೆ ಹಿಮ ಕೂರದಂತೆ ದಪ್ಪನೆಯ ಇನ್ನೊಂದು ದ್ರವ ಬಳಿಯಬೇಕು. ಇದಕ್ಕೆ ಹತ್ತು ಹದಿನೈದು ನಿಮಿಷ. ಬಳಿದ ದ್ರವಕ್ಕೂ ಆಯಸ್ಸಿದೆ. ಹಿಮ ಸುರಿಯುತ್ತಲೇ ಇದ್ದು ಆ ಗಡುವು ಮೀರಿದರೆ ಮತ್ತೆ ಮೊದಲಿನಿಂದ.

ಬೆಂಗಳೂರಿನಿಂದಲೋ ಬೇರೆಲ್ಲಿಂದಲೋ ಹೊರಟು ಈ ದಾರಿ ಹಿಡಿಯುವವರು ನೆನಪಿಡಬೇಕಾದ ಇನ್ನೊಂದು ಲೆಕ್ಕ ಓಸ್ಲೋದ್ದು. ಓಸ್ಲೋದಿಂದ ಲಾಂಗ್‌ಯರ್‌ಬ್ಯೆನ್‌ಗೆ ನೇರ ದೂರ 2,020 ಕಿ.ಮೀ. ಹತ್ತಿರ, ಮೂರು ಗಂಟೆಯ ಹಾರಾಟ. ಟ್ರೋಮ್ಸೊ ಮೂಲಕ ಹೋದರೆ 1,119 ಮತ್ತು 961 ಸೇರಿ 2,080. ಹೆಚ್ಚಾದದ್ದು 60 ಕಿ.ಮೀ. ಮಾತ್ರ, ಸಮಯ ಮಾತ್ರ ಒಂದು ಗಂಟೆಗೂ ಮೇಲೆ ಹೆಚ್ಚು. ಮತ್ತೊಮ್ಮೆ ಏರಿಳಿಯುವುದು ಒಂದು ಕಾರಣ, ಪಾಸ್‌ಪೋರ್ಟ್ ಇನ್ನೊಂದು. ಸ್ವಾಲ್‌ಬಾರ್ಡ್ ನಾರ್ವೆಗೆ ಸೇರಿದ್ದರೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯಕ್ಕೆ ಸೇರಿಲ್ಲ. ಟ್ರೋಮ್ಸೊದಲ್ಲಿ ಅದೇ ವಿಮಾನ ಮುಂದುವರಿಯುವುದಾದರೂ ಎಲ್ಲರೂ ಕೈಚೀಲ ಸಮೇತ ಇಳಿದು, ಪಾಸ್‌ಪೋರ್ಟ್ ತೋರಿಸಿ, ಮತ್ತೆ ಹತ್ತಬೇಕು. ಸ್ವಾಲ್‌ಬಾರ್ಡ್‌ಗೆ ಹೋಗಲು ವೀಸಾ ಬೇಡ, ಆದರೆ ನಾರ್ವೆ ದಾಟದೆ ಅಲ್ಲಿಗೆ ಹೋಗುವುದು ಹೇಗೆ? ಭಾರತದ ಪಾಸ್‌ಪೋರ್ಟ್ ಇರುವವರು ಒಂದೇ ಪ್ರವೇಶದ ಷೆಂಗೆನ್ ವೀಸಾ ಹಿಡಿದು ಹೋದರೆ ಟ್ರೋಮ್ಸೊದಲ್ಲಿ ವಲಯದಿಂದ ಹೊರಬಿದ್ದದ್ದು ದಾಖಲಾದಾಗಲೇ ಅದು ಮುಗಿಯಿತು, ವಾಪಸು ಬರಲು ದಾರಿಯಿಲ್ಲ. ಕನಿಷ್ಠ ಎರಡು ಪ್ರವೇಶದ ವೀಸಾ ಬೇಕೇ ಬೇಕು.

ಗಡಿಯಾರದ ಗೊಂದಲವಿಲ್ಲ, ಎರಡೂ ಊರಿಗೆ ಒಂದೇ ಸಮಯ. ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಮುಂದಿನ ವಿಮಾನದ ಟಿಕೆಟ್ ಬೇರೆಯಾಗಿ ಕೊಂಡಿದ್ದರೆ ಟ್ರೋಮ್ಸೊದಲ್ಲೋ ಓಸ್ಲೋದಲ್ಲೋ ಒಂದು ರಾತ್ರಿ ಇಟ್ಟುಕೊಳ್ಳಿ. ಇಳಿಯಲಾಗದೆ ಮರಳಿದ ವಿಮಾನಕ್ಕೆ ಮತ್ತೆ ಸರದಿ ಸಿಗುವುದು ಹವೆ ತಿಳಿಯಾದ ಮೇಲೆ, ಅದು ಅದೇ ದಿನ ಆಗಬೇಕೆಂದಿಲ್ಲ.

ಲಾಂಗ್‌ಯರ್‌ಬ್ಯೆನ್‌ನಿಂದ ಆಚೆಗೂ ಕೆಲವು ಭಾರತೀಯರು ಹೋಗುತ್ತಾರೆ. 2008ರ ಜುಲೈನಲ್ಲಿ ಶುರುವಾದ ನಮ್ಮ ಸಂಶೋಧನಾ ಕೇಂದ್ರ ‘ಹಿಮಾದ್ರಿ’ ಇರುವುದು ನಿ-ಓಲೆಸುಂಡ್‌ನಲ್ಲಿ, ಇನ್ನೂ ವಾಯವ್ಯಕ್ಕೆ 110 ಕಿ.ಮೀ. ಅಲ್ಲಿನ ಪಟ್ಟಿ ಜಲ್ಲಿಕಲ್ಲಿನದು, 800 ಮೀಟರಿಗೆ ಸ್ವಲ್ಪ ಹೆಚ್ಚು ಅಷ್ಟೆ, ಜೆಟ್ ಇಳಿಯುವ ಮಾತೇ ಇಲ್ಲ. ವೆಬ್‌ಸೈಟಿನ ಸೂತ್ರ ಹಾಕಿದರೆ ಎಂಟು ನಿಮಿಷಕ್ಕೆ ಮೂವತ್ತು ಸೇರಿ 38 ನಿಮಿಷ ಅನ್ನುತ್ತದೆ. ಬಹಳ ವರ್ಷ ಈ ದಾರಿಯಲ್ಲಿ ಓಡಾಡಿದ್ದು ಎರಡು ಪ್ರೊಪೆಲ್ಲರಿನ ಡಾರ್ನಿಯರ್ 228, ಜೆಟ್ಟಿನ ಅರ್ಧ ವೇಗದ್ದು. ಅದಕ್ಕೆ ಬೇಕಾದದ್ದು 20ರಿಂದ 25 ನಿಮಿಷ. ಎತ್ತರಕ್ಕೆ ಏರಬೇಕಿಲ್ಲ, ಇಳಿಯಲು 200 ಕಿ.ಮೀ. ಬೇಕಿಲ್ಲ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಎಚ್‌ಎಎಲ್ ತನ್ನ ಕಾನ್ಪುರದ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ಕಟ್ಟುವುದು ಇದೇ ಮಾದರಿಯ ವಿಮಾನವನ್ನು.